ಅಮ್ಮನಿಗೆ ಎಷ್ಟು ಬಸಿರು ಎಂದು ಕೇಳಿದ ರಕ್ತ ಕೇಂದ್ರ

ತುಮಕೂರಿನ ಆ ರಕ್ತ ಕೇಂದ್ರದ ಕಿಟಕಿಯ ಮುಂದೆ ಮೊದಲ ದಿನ ನಿಂತಾಗ, ಒಳಗಿದ್ದ ಟೆಕ್ನಿಷಿಯನ್ ಅಮ್ಮನ ಹೆಸರು, ವಯಸ್ಸು, ಕಾಯಿಲೆ ಎಲ್ಲವನ್ನೂ ಬರೆದುಕೊಂಡ ಮೇಲೆ, ತಲೆ ಎತ್ತದೆಯೇ ಒಂದು ಪ್ರಶ್ನೆ ಕೇಳಿದರು: "ಅಮ್ಮನವರು ಒಟ್ಟು ಎಷ್ಟು ಸಲ ಬಸುರಿಯಾಗಿದ್ದರು ಮೇಡಂ?" ಅರವತ್ತಾರು ವರ್ಷದ, ರಕ್ತದ ಕ್ಯಾನ್ಸರ್ ಇರುವ ಹೆಂಗಸಿನ ಬಗ್ಗೆ ಈ ವಿಚಾರಣೆ ಏಕೆ ಎಂದು ನನಗೆ ಸಿಟ್ಟೇ ಬಂತು. ನಾಲ್ಕು ಮಕ್ಕಳು ಎಂದೆ. ಪಕ್ಕದ ಗಾಲಿಕುರ್ಚಿಯಲ್ಲಿ ಸೆರಗು ಹೊದ್ದು ಕುಳಿತಿದ್ದ ಅಮ್ಮ ಸಣ್ಣ ದನಿಯಲ್ಲಿ, "ಆರು ಅಂತ ಬರ್ಕೊಳಪ್ಪ, ಎರಡು ಉಳೀಲಿಲ್ಲ" ಎಂದಳು. ನಮ್ಮ ಮನೆಯಲ್ಲಿ ನಾವು ನಾಲ್ವರಿಗೂ ಗೊತ್ತಿರದಿದ್ದ ಆ ಎರಡು ಬಸಿರುಗಳು ಹೀಗೆ ಒಂದು ಅರ್ಜಿಯ ಚೌಕದೊಳಗೆ ಅಂಕಿಯಾಗಿ ಬಂದು ಕುಳಿತವು. ಆ ಪ್ರಶ್ನೆಯೇ ಈ ಕೇಂದ್ರದ ಅತ್ಯುತ್ತಮ ಗುಣ ಎಂಬುದು ನನಗೆ ಅರ್ಥವಾಗಲು ಮೂರು ತಿಂಗಳು ಬೇಕಾಯಿತು.

ಆ ರಕ್ತ ಕೇಂದ್ರ ಹಾಗೂ ಅದಕ್ಕೆ ಹೊಂದಿಕೊಂಡಿರುವ ಡೇ ಕೇರ್ ವಾರ್ಡಿನ ಸೇವೆಯ ಬಗ್ಗೆ, ಐದು ತಿಂಗಳು ಓಡಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ ಇರುವುದು ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ. ಕೀಮೋ ಬೆಂಗಳೂರಿನಲ್ಲಿ ನಡೆಯುತ್ತದೆ. ಆದರೆ ಅಸ್ಥಿಮಜ್ಜೆ ತನ್ನ ಕೆಲಸ ಬಿಟ್ಟಿರುವುದರಿಂದ ಹಿಮೋಗ್ಲೋಬಿನ್ ಏಳರ ಕೆಳಗೆ, ಅಥವಾ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಹತ್ತು ಸಾವಿರದ ಕೆಳಗೆ ಇಳಿದಾಗಲೆಲ್ಲ ಹೊರಗಿನಿಂದ ರಕ್ತ ಹಾಕಿಸಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಸಲ ಸುಮಾರು ತೊಂಬತ್ತು ಕಿಲೋಮೀಟರ್ ಹೋಗಿ ಬರುವ ಶಕ್ತಿ ಅವಳಿಗಿಲ್ಲದ್ದರಿಂದ, ಗುಬ್ಬಿ ಹತ್ತಿರದ ನಮ್ಮ ಊರಿನಿಂದ ಅರ್ಧ ಮುಕ್ಕಾಲು ಗಂಟೆಯ ದಾರಿಯಾದ ತುಮಕೂರನ್ನು ಆರಿಸಿಕೊಂಡೆವು. ಇಲ್ಲಿಯವರೆಗೆ ಹದಿನಾಲ್ಕು ಬಾಟಲಿ ಕೆಂಪುಕಣ ಹಾಕಿಸಿದ್ದೇವೆ. ಈಗ ಎಲ್ಲವೂ ಪ್ಲಾಸ್ಟಿಕ್ ಚೀಲವೇ ಆದರೂ ನಮ್ಮ ಕಡೆ ಬಾಟಲಿ ಎಂದೇ ಹೇಳುವುದು. ಪ್ಲೇಟ್‌ಲೆಟ್ಟಿನ ಲೆಕ್ಕ ಬೇರೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ: ಹೊಗಳಿಕೆಯ ಜೊತೆಗೆ ದೂರುಗಳೂ ಇವೆ, ಅಮ್ಮ ಇನ್ನೂ ಅಲ್ಲಿಗೇ ಹೋಗಬೇಕು, ಮತ್ತು ನಾನು ಹೇಳುವ ವಿಷಯಗಳನ್ನು ಯಾವ ರಕ್ತ ಕೇಂದ್ರದ ಕಿಟಕಿಯಲ್ಲಿಯೂ ಕೇಳಿ ಪರೀಕ್ಷಿಸಿಕೊಳ್ಳಬಹುದು.

ಇಲ್ಲಿಗೆ ಬರುವ ಮೊದಲು ಬೇರೊಂದು ನರ್ಸಿಂಗ್ ಹೋಮಿನಲ್ಲಿ ಎರಡು ಬಾಟಲಿ ಹಾಕಿಸಿದ್ದೆವು. ಎರಡನೆಯದು ಅರ್ಧ ಇಳಿದಿದ್ದಾಗ ಅಮ್ಮ ಕಂಬಳಿ ಕೇಳಿದಳು. ಎರಡು ಕಂಬಳಿ ಹೊದಿಸಿದರೂ ಚಳಿ ನಿಲ್ಲಲಿಲ್ಲ. ಹಲ್ಲು ಕಟಕಟಿಸಿ, ಮೈ ಎಷ್ಟು ನಡುಗಿತೆಂದರೆ ಮಂಚದ ಪಕ್ಕದ ಸರಳು ಗೋಡೆಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು. ರಕ್ತ ಬಿಡುವಾಗ 98.4 ಇದ್ದ ಜ್ವರ 102 ಆಗಿತ್ತು. ಸಿಸ್ಟರ್ ಓಡಿಬಂದು ಏವಿಲ್ ಮತ್ತು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು, ಇಪ್ಪತ್ತು ನಿಮಿಷ ನಿಲ್ಲಿಸಿದರು, ನಡುಕ ಇಳಿದ ಮೇಲೆ ಅದೇ ಬಾಟಲಿಯನ್ನು ಮತ್ತೆ ಬಿಟ್ಟರು. ರಕ್ತ ಹಾಕುವಾಗ ಚಳಿ ಬರುವುದು ಮಾಮೂಲು ಎಂದರು. ಖಾಲಿ ಚೀಲ ಕಸದ ಬುಟ್ಟಿಗೆ ಹೋಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಆ ನಡುಕದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಚಳಿಜ್ವರ ಮಾಮೂಲು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ದಾನಿಯ ರಕ್ತದಲ್ಲಿ ಉಳಿದಿರುವ ಬಿಳಿರಕ್ತಕಣಗಳ ವಿರುದ್ಧ ರೋಗಿಯ ದೇಹದಲ್ಲಿ ಪ್ರತಿಕಾಯಗಳು, ಅಂದರೆ ಹೊರಗಿನದನ್ನು ಗುರುತಿಸಿ ಎದುರಿಸುವ ಪ್ರೋಟೀನುಗಳು, ಇದ್ದರೆ, ಅಥವಾ ಚೀಲದಲ್ಲಿಯೇ ಆ ಕಣಗಳು ಸೈಟೊಕೈನ್ ಎಂಬ ಜ್ವರ ಬರಿಸುವ ರಾಸಾಯನಿಕಗಳನ್ನು ಬಿಟ್ಟಿದ್ದರೆ ಇಂಥ ಜ್ವರ ಬರುತ್ತದೆ; ರೋಗಿಗೆ ಹಿಂಸೆಯಾದರೂ ಸಾಮಾನ್ಯವಾಗಿ ಅಪಾಯವಾಗುವುದಿಲ್ಲ. ತೊಂದರೆಯೆಂದರೆ, ಗುಂಪು ತಪ್ಪಿದ ರಕ್ತ ಹೋದಾಗಲೂ, ಚೀಲದಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದಾಗಲೂ ಮೊದಲ ಹತ್ತಿಪ್ಪತ್ತು ನಿಮಿಷ ಕಾಣುವುದು ಇದೇ ಚಳಿ, ಇದೇ ಜ್ವರ. ಮಂಚದ ಪಕ್ಕ ನಿಂತು ಇದು ಯಾವುದೆಂದು ಯಾರೂ ಹೇಳಲಾರರು. ಆದ್ದರಿಂದಲೇ ರಕ್ತವನ್ನು ತಕ್ಷಣ ನಿಲ್ಲಿಸಿ, ಸೂಜಿ ತೆಗೆಯದೆ ಸಲೈನ್ ಓಡಿಸುತ್ತಾ, ಚೀಲದ ಚೀಟಿಯನ್ನೂ ರೋಗಿಯ ಹೆಸರನ್ನೂ ಮತ್ತೊಮ್ಮೆ ತಾಳೆ ನೋಡಿ, ಉಳಿದ ಚೀಲವನ್ನು ರೋಗಿಯ ಹೊಸ ರಕ್ತದ ಮಾದರಿಯೊಂದಿಗೆ ರಕ್ತ ಕೇಂದ್ರಕ್ಕೆ ವಾಪಸು ಕಳಿಸಬೇಕೆಂಬ ನಿಯಮವಿರುವುದು. ಕಾರಣ ತಿಳಿಯುವ ಮೊದಲೇ ಅದೇ ಚೀಲವನ್ನು ಮತ್ತೆ ಬಿಡುವುದೆಂದರೆ ಅದೃಷ್ಟವನ್ನು ನಂಬಿ ಕೂರುವುದು. ಅಂದು ನಮ್ಮ ಅದೃಷ್ಟ ಚೆನ್ನಾಗಿತ್ತು, ಅಷ್ಟೆ.

ಹೊಸ ಕೇಂದ್ರದಲ್ಲಿ ಈ ಘಟನೆ ಹೇಳಿದಾಗ ರಕ್ತ ಕೇಂದ್ರದ ವೈದ್ಯೆ ಚೀಟಿ ಕೇಳಿದರು, ಅದರಲ್ಲಿ ಏನೂ ಇಲ್ಲವೆಂದು ನೋಡಿದರು, ಯಾರನ್ನೂ ಬೈಯದೆ ತಮ್ಮ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದುಕೊಂಡರು. ಆಮೇಲೆ ಒಂದು ರಿಯಾಕ್ಷನ್ ಫಾರಂ ತೋರಿಸಿ, ಇಂಥದ್ದು ಇಲ್ಲಿ ಆದರೆ ಇದನ್ನು ತುಂಬಿ ಕಳಿಸುತ್ತೇವೆ ಎಂದರು. ದೇಶದಲ್ಲಿ ಹೀಮೊವಿಜಿಲೆನ್ಸ್ ಕಾರ್ಯಕ್ರಮ 2012ರ ಡಿಸೆಂಬರಿನಲ್ಲಿ ಆರಂಭವಾಗಿದೆ. ರಕ್ತ ಹಾಕುವಾಗ ಆಗುವ ತೊಂದರೆಗಳ ವರದಿಗಳನ್ನು ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆಯಲ್ಲಿ ಒಟ್ಟುಗೂಡಿಸುತ್ತಾರೆ ಎಂಬುದು ನನಗೆ ತಿಳಿದದ್ದು ಆಗಲೇ.

ವಾರ್ಡಿನ ಕ್ರಮವೂ ನನಗೆ ಹಿಡಿಸಿತು. ಫ್ರಿಜ್ಜಿನಿಂದ ಹೊರಬಂದ ಚೀಲವನ್ನು ಅರ್ಧ ಗಂಟೆಯೊಳಗೆ ಏರಿಸುತ್ತಾರೆ, ನಾಲ್ಕು ಗಂಟೆಯೊಳಗೆ ಮುಗಿಸುತ್ತಾರೆ. ಇಬ್ಬರು ಸಿಸ್ಟರ್‌ಗಳು ಎದುರುಬದುರು ನಿಂತು ಚೀಲದ ನಂಬರನ್ನೂ ಅಮ್ಮನ ಕೈಪಟ್ಟಿಯನ್ನೂ ಜೋರಾಗಿ ಓದುತ್ತಾರೆ. ಹೆಸರನ್ನು ಅಮ್ಮನ ಬಾಯಿಂದಲೇ ಹೇಳಿಸುತ್ತಾರೆ, ನಾನು ಹೇಳಿದರೆ ಒಪ್ಪುವುದಿಲ್ಲ. ಮೊದಲ ಹದಿನೈದು ನಿಮಿಷ ಒಬ್ಬರು ಅಲ್ಲಿಂದ ಕದಲುವುದಿಲ್ಲ. ಒಮ್ಮೆ ಕೊನೆಯ ಬಸ್ಸಿನ ಚಿಂತೆಯಲ್ಲಿ ಅಣ್ಣ "ಸ್ವಲ್ಪ ಬೇಗ ಬಿಡಿ ಸಿಸ್ಟರ್" ಎಂದಾಗ, ವಯಸ್ಸಾದವರಿಗೆ ರಕ್ತ ರಭಸವಾಗಿ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ, ಬಸ್ಸು ನಾಳೆಯೂ ಇರುತ್ತದೆ ಎಂದು ಖಡಾಖಂಡಿತವಾಗಿ ಹೇಳಿದರು. ಅಂದು ಶಿರಾ ಗೇಟಿನ ಬಂಧುಗಳ ಮನೆಯಲ್ಲಿ ಉಳಿದೆವು.

ಈಗ ಬಸಿರಿನ ಪ್ರಶ್ನೆಗೆ ಬರುತ್ತೇನೆ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಎ, ಬಿ, ಓ ಗುಂಪುಗಳನ್ನು ವಿವರಿಸಿದ್ದು, 1940ರ ಹೊತ್ತಿಗೆ ಪಾಸಿಟಿವ್, ನೆಗೆಟಿವ್ ಎಂದು ಹೇಳುವ ಆರ್‌ಎಚ್ ಪತ್ತೆಯಾದದ್ದು ಶಾಲೆಯಲ್ಲಿ ಓದಿದ ಮಾತು; ಬಿ ಪಾಸಿಟಿವ್‌ಗೆ ಬಿ ಪಾಸಿಟಿವ್ ಹೊಂದಿಸಿದರೆ ಕೆಲಸ ಮುಗಿಯಿತೆಂದೇ ನಾನು ತಿಳಿದಿದ್ದೆ. ವಾಸ್ತವದಲ್ಲಿ ಇಂಥ ಗುಂಪು ವ್ಯವಸ್ಥೆಗಳು ನಲವತ್ತಕ್ಕೂ ಹೆಚ್ಚಿವೆ. ಇವು ಕೆಂಪುಕಣದ ಮಾತಾಯಿತು. ಬಿಳಿಕಣ ಮತ್ತು ಪ್ಲೇಟ್‌ಲೆಟ್‌ಗಳ ಮೇಲೆ ಎಚ್‌ಎಲ್‌ಎ ಎಂಬ ಇನ್ನೊಂದು ಗುರುತಿದೆ, ಅದು ಮನುಷ್ಯನಿಂದ ಮನುಷ್ಯನಿಗೆ ಮುಖದಷ್ಟೇ ಬೇರೆಯಾಗಿರುತ್ತದೆ. ಮಗುವಿನ ಎಚ್‌ಎಲ್‌ಎಯಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಹೊಟ್ಟೆಯಲ್ಲಿರುವಾಗಲೂ ಹೆರಿಗೆಯಲ್ಲೂ ಮಗುವಿನ ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರುವುದರಿಂದ, ತಂದೆಯ ಕಡೆಯಿಂದ ಬಂದ ಆ ಅರ್ಧವನ್ನು ಅವಳ ದೇಹ ಪರಕೀಯವೆಂದು ಗುರುತಿಸಿ ಪ್ರತಿಕಾಯ ಮಾಡಬಹುದು. ಬಸಿರುಗಳು ಹೆಚ್ಚಿದಷ್ಟೂ ಈ ಸಾಧ್ಯತೆ ಹೆಚ್ಚು. ಉಳಿಯದ ಬಸಿರೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ ನರ್ಸಿಂಗ್ ಹೋಮಿನಲ್ಲಿ ಎರಡನೆಯ ಬಾಟಲಿಗೇ ಅಮ್ಮ ನಡುಗಿದ್ದು ಕಾಕತಾಳೀಯ ಇರಲಾರದು. ಅವಳ ದೇಹ ನಲವತ್ತು ವರ್ಷದ ಹಿಂದೆಯೇ ಪಾಠ ಕಲಿತಿತ್ತು.

ಕ್ಯಾನ್ಸರಿನಿಂದಲೂ ಕೀಮೋದಿಂದಲೂ ರೋಗನಿರೋಧಕ ಶಕ್ತಿ ಕುಗ್ಗಿದವರ ದೇಹ ಇಷ್ಟು ಚುರುಕಾಗಿ ಪ್ರತಿಭಟಿಸುವುದು ಹೇಗೆ ಎಂದು ನಾನು ಕೇಳಿದೆ. ಹೊಸ ಪಾಠ ಕಲಿಯುವ ಶಕ್ತಿ ಕುಂದಿರಬಹುದು, ಹಳೆಯ ನೆನಪು ಅಷ್ಟು ಬೇಗ ಹೋಗುವುದಿಲ್ಲ, ಅದೂ ಅಲ್ಲದೆ ಇಷ್ಟು ಜನ ದಾನಿಗಳ ರಕ್ತ ಮತ್ತೆ ಮತ್ತೆ ಹೋಗುತ್ತಿದ್ದರೆ ಕುಂದಿದ ದೇಹವೂ ಕಲಿಯುತ್ತದೆ ಎಂದು ವೈದ್ಯೆ ವಿವರಿಸಿದರು.

ಅಣ್ಣನ ಪ್ರಸಂಗ ನಡೆದದ್ದು ಇದರ ಮಧ್ಯೆ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಮ್ಮನದೇ ಗುಂಪು. ಯಾರದೋ ರಕ್ತ ಏಕೆ, ಹೆತ್ತ ಮಗನ ರಕ್ತವೇ ಇರುವಾಗ ಎಂದು ರಜೆ ಹಾಕಿ, ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದು, ಒಂಬತ್ತಕ್ಕೆಲ್ಲ ಕೇಂದ್ರದ ಬಾಗಿಲಲ್ಲಿದ್ದ. ಹೆಂಡತಿ ಬೇಡವೆಂದರೂ ಬಂದಿದ್ದೇನೆ ಎಂಬ ಹೆಮ್ಮೆಯೂ ಅವನಲ್ಲಿತ್ತು. ವೈದ್ಯೆ ಅವನನ್ನು ಕೂರಿಸಿ, ರಕ್ತ ಕೊಡಿ, ಸಂತೋಷ, ಆದರೆ ಅದು ಅಮ್ಮನಿಗೆ ಹೋಗುವುದಿಲ್ಲ ಎಂದರು. ಅಣ್ಣನ ಮುಖ ಸಪ್ಪೆಯಾಯಿತು. ತನ್ನಲ್ಲಿ ಏನೋ ಕಾಯಿಲೆ ಕಂಡು ಮುಚ್ಚಿಡುತ್ತಿದ್ದಾರೆ ಎಂದೇ ಅವನು ಭಾವಿಸಿದ.

ಅವರು ಹೇಳಿದ ಕಾರಣವನ್ನು ಪೂರ್ತಿ ಬರೆಯುತ್ತೇನೆ, ಏಕೆಂದರೆ ಕರುಳಬಳ್ಳಿಯ ರಕ್ತವೇ ಶ್ರೇಷ್ಠ ಎಂದು ನಂಬುವವರು ನಮ್ಮ ಕಡೆ ಬಹಳ ಜನ. ಚೀಲದ ರಕ್ತದಲ್ಲಿ ದಾನಿಯ ಜೀವಂತ ಲಿಂಫೋಸೈಟುಗಳು, ಅಂದರೆ ಒಂದು ಬಗೆಯ ಬಿಳಿಕಣಗಳು, ಇರುತ್ತವೆ. ಪರರ ರಕ್ತವಾದರೆ ರೋಗಿಯ ದೇಹ ಅವನ್ನು ಹೊರಗಿನವೆಂದು ಗುರುತಿಸಿ ನಾಶಮಾಡುತ್ತದೆ. ಮಗ, ಮಗಳು, ಒಡಹುಟ್ಟಿದವರ ರಕ್ತದಲ್ಲಾದರೆ ಎಚ್‌ಎಲ್‌ಎ ಹೋಲಿಕೆ ಎಷ್ಟಿರಬಹುದೆಂದರೆ, ಕೆಲವು ಜೋಡಿಗಳಲ್ಲಿ ರೋಗಿಯ ದೇಹಕ್ಕೆ ಅವು ತನ್ನವೇ ಎನಿಸಿಬಿಡುತ್ತವೆ. ಆದರೆ ಆ ಕಣಗಳಿಗೆ ರೋಗಿಯ ದೇಹ ತಮ್ಮದೆನಿಸುವುದಿಲ್ಲ. ಬಂದ ನೆಂಟರು ಮನೆಯವರನ್ನೇ ಹೊರಹಾಕಿದಂತೆ, ಅವು ಬೆಳೆದು ರೋಗಿಯ ಚರ್ಮ, ಕರುಳು, ಯಕೃತ್ತು, ಕೊನೆಗೆ ಅಸ್ಥಿಮಜ್ಜೆಯ ಮೇಲೆಯೇ ಬೀಳುತ್ತವೆ. ರಕ್ತ ಹಾಕಿದ ವಾರವೋ ಹತ್ತು ದಿನವೋ ಆದ ಮೇಲೆ ಜ್ವರ, ಮೈಯೆಲ್ಲ ಕೆಂಪು ಗಂಧೆ, ಭೇದಿ ಶುರುವಾಗುತ್ತದೆ. ತೀರಾ ಅಪರೂಪ, ಆದರೆ ಬಂದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ತೀರಿಕೊಳ್ಳುತ್ತಾರೆ. ತಡೆಯುವ ಮುಖ್ಯ ದಾರಿ: ಚೀಲಕ್ಕೆ 25 ಗ್ರೇ ಪ್ರಮಾಣದ ವಿಕಿರಣ ಹಾಯಿಸಿ ಆ ಲಿಂಫೋಸೈಟುಗಳ ವೃದ್ಧಿಯನ್ನು ನಿಲ್ಲಿಸುವುದು. ಬಿಳಿಕಣ ಸೋಸುವ ಫಿಲ್ಟರ್ ಹಾಕಿದರೆ ಸಾಲದು. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಇರುವವರಿಗೆ, ಫ್ಲುಡರಾಬಿನ್‌ನಂಥ ಕೀಮೋ ಔಷಧ ಪಡೆಯುತ್ತಿರುವವರಿಗೆ, ಅಸ್ಥಿಮಜ್ಜೆ ಕಸಿಯಾದವರಿಗೆ ಯಾರ ರಕ್ತವಾದರೂ ವಿಕಿರಣ ಹಾಯಿಸಿಯೇ ಕೊಡಬೇಕು. ರಕ್ತಸಂಬಂಧಿಯ ರಕ್ತವಾದರೆ ಯಾವ ರೋಗಿಗಾದರೂ. ಈ ಕೇಂದ್ರದಲ್ಲಿ ಆ ಯಂತ್ರವಿಲ್ಲ. ಬೆಂಗಳೂರಿನಿಂದ ತರಿಸಬೇಕು, ಅದಕ್ಕೆ ಒಂದು ದಿನ ಬೇಕು. ಇಲ್ಲ ಎಂಬುದನ್ನು ಮುಚ್ಚಿಡದೆ ಹೇಳಿದ್ದಕ್ಕೆ ನಾನು ಅಂಕ ಕೊಡುತ್ತೇನೆ; ಯಂತ್ರ ಇಲ್ಲದ್ದಕ್ಕೆ ಕಳೆಯುತ್ತೇನೆ.

ಅಣ್ಣ ಕೊನೆಗೆ ರಕ್ತ ಕೊಟ್ಟ, ಅದು ದಾಸ್ತಾನಿಗೆ ಹೋಯಿತು. ಅಮ್ಮನಿಗೆ ಬೇರೆ ಯಾರದೋ ರಕ್ತ ಬಂತು. ಇದನ್ನು ಹೇಳಿದಾಗ ಅಮ್ಮ, "ಯಾರ ಮನೆ ಮಗನೋ" ಎಂದು ಚೀಲಕ್ಕೆ ಕೈ ಮುಗಿದಳು.

ಫಿಲ್ಟರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಚೀಲ ರಕ್ತದಲ್ಲಿ ನೂರು ಕೋಟಿಯ ಲೆಕ್ಕದಲ್ಲಿ ಬಿಳಿಕಣಗಳಿರುತ್ತವೆ; ಒಳ್ಳೆಯ ಲ್ಯೂಕೋ ಫಿಲ್ಟರ್ ಅವನ್ನು 50 ಲಕ್ಷಕ್ಕಿಂತ ಕೆಳಗೆ ಇಳಿಸಬೇಕು. ಇದು ಜ್ವರವನ್ನು ಮಾತ್ರವಲ್ಲ, ಹೊಸ ಪ್ರತಿಕಾಯಗಳು ಹುಟ್ಟುವುದನ್ನೂ ಕಡಿಮೆ ಮಾಡುತ್ತದೆ. ಅಮ್ಮನಿಗಿರುವ ಕಾಯಿಲೆಯವರ ಮೇಲೆಯೇ ನಡೆದು 1997ರಲ್ಲಿ ಪ್ರಕಟವಾದ ಟ್ರ್ಯಾಪ್ ಅಧ್ಯಯನದಲ್ಲಿ, ಸಾಮಾನ್ಯ ಪ್ಲೇಟ್‌ಲೆಟ್ ಪಡೆದವರಲ್ಲಿ ಶೇ 45 ಮಂದಿಗೆ ಇಂಥ ಪ್ರತಿಕಾಯಗಳು ಹುಟ್ಟಿದವು. ಬಿಳಿಕಣ ಸೋಸಿದ ಅಥವಾ ಅತಿನೇರಳೆ ಕಿರಣ ಹಾಯಿಸಿದ ಪ್ಲೇಟ್‌ಲೆಟ್ ಪಡೆದ ಗುಂಪುಗಳಲ್ಲಿ ಅದು ಶೇ 17ರಿಂದ 21ಕ್ಕೆ ಇಳಿಯಿತು. ಸೋಸುವ ಕೆಲಸ ದಾಸ್ತಾನಿಗೆ ಮೊದಲೇ, ಪ್ರಯೋಗಾಲಯದಲ್ಲಿ ಆಗಿದ್ದರೆ ಉತ್ತಮ. ಚೀಲದಲ್ಲಿ ಸೈಟೊಕೈನ್ ಸೇರುವ ಮೊದಲೇ ಬಿಳಿಕಣ ಹೊರಗೆ ಹೋಗಿರುತ್ತದೆ. ಈ ಕೇಂದ್ರ ಅಂಥ ಚೀಲಗಳನ್ನು ಕೆಲವನ್ನಷ್ಟೇ ಇಡುತ್ತದೆ. ಅವು ಮುಗಿದ ದಿನ ಎದುರಿನ ಮೆಡಿಕಲ್ ಸ್ಟೋರಿನಿಂದ ಫಿಲ್ಟರ್ ಕೊಂಡು ತಂದು ಮಂಚದ ಪಕ್ಕದಲ್ಲಿಯೇ ಹಾಕಬೇಕಾಗುತ್ತದೆ.

ಅಂಗೈಯಗಲದ ಆ ಪಾರದರ್ಶಕ ಡಬ್ಬಿಯೊಳಗೆ ಬಿಳಿಯ ನಾರಿನ ಪದರಗಳಿವೆ. ರಕ್ತ ಮೇಲಿನಿಂದ ಒಂದೊಂದೇ ಪದರವನ್ನು ನೆನೆಸುತ್ತಾ, ಮೂಲೆಯಲ್ಲಿ ಗಾಳಿಯ ಗುಳ್ಳೆ ಉಳಿಸದೆ ತುಂಬಿಕೊಳ್ಳಬೇಕು. ಅವಸರಕ್ಕೆ ಚೀಲವನ್ನು ಹಿಂಡಿದರೆ ಸೋಸುವ ಕೆಲಸ ಕೆಡುತ್ತದೆ. ಒಮ್ಮೆ ಪ್ಲೇಟ್‌ಲೆಟ್ ಹಾಕಿಸುವ ದಿನ ನಾನು ತಂದ ಪೊಟ್ಟಣವನ್ನು ಸಿಸ್ಟರ್ ತೆರೆಯದೆಯೇ ವಾಪಸು ಕೊಟ್ಟರು. ಅಂಗಡಿಯವರು ಕೆಂಪುಕಣದ ಫಿಲ್ಟರ್ ಕೊಟ್ಟಿದ್ದರು. ಅದರಲ್ಲಿ ಪ್ಲೇಟ್‌ಲೆಟ್ ಬಿಟ್ಟಿದ್ದರೆ ಪ್ಲೇಟ್‌ಲೆಟ್‌ಗಳೂ ಆ ನಾರಿಗೇ ಅಂಟಿಕೊಂಡು, ಅಮ್ಮನಿಗೆ ಹಳದಿ ನೀರಷ್ಟೇ ಹೋಗುತ್ತಿತ್ತು. ಎರಡಕ್ಕೂ ಫಿಲ್ಟರ್ ಬೇರೆ. ಇನ್ನೊಂದು ದಿನ ಅವರೇ, ಬಿ.ಪಿ. ಮಾತ್ರೆ ಯಾವುದು ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ಎನಾಲಪ್ರಿಲ್ ಎಂದೆ. ಆ ಜಾತಿಯ ಮಾತ್ರೆ ನುಂಗುವವರಿಗೆ ಮಂಚದ ಪಕ್ಕದ ಫಿಲ್ಟರ್ ಮೂಲಕ ರಕ್ತ ಬಿಟ್ಟಾಗ ಬ್ರಾಡಿಕೈನಿನ್ ಎಂಬ ರಾಸಾಯನಿಕ ಏರಿ ಬಿ.ಪಿ. ಹಠಾತ್ತನೆ ಕುಸಿಯುವುದುಂಟಂತೆ. ಬೆಂಗಳೂರಿನ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿಸಿ ಮಾತ್ರೆ ಬದಲಾಯಿಸಿದರು. ಒಂದು ಡೇ ಕೇರ್ ವಾರ್ಡಿನಿಂದ ನಾನು ಇಷ್ಟನ್ನು ನಿರೀಕ್ಷಿಸಿರಲಿಲ್ಲ.

ಅಲರ್ಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾನಿಯ ಪ್ಲಾಸ್ಮಾದ ಪ್ರೋಟೀನಿಗೆ ಒಮ್ಮೆ ಅಮ್ಮನ ಹೊಟ್ಟೆ, ತೋಳಿನ ಮೇಲೆ ತುರಿಕೆಯ ದದ್ದು ಎದ್ದಿತು. ನಿಲ್ಲಿಸಿ, ಏವಿಲ್ ಕೊಟ್ಟು, ದದ್ದು ಇಳಿದ ಮೇಲೆ ಅದೇ ಚೀಲವನ್ನು ನಿಧಾನವಾಗಿ ಮುಂದುವರಿಸಿದರು. ಹಳೆಯ ನೆನಪಿನಿಂದ ನಾನು ತಕರಾರು ತೆಗೆದೆ. ಜ್ವರ, ಉಬ್ಬಸ, ಬಿ.ಪಿ. ಕುಸಿತ ಯಾವುದೂ ಇಲ್ಲದ ಬರೀ ದದ್ದಾದರೆ ಮಾತ್ರ ಹೀಗೆ ಮುಂದುವರಿಸಲು ಅವಕಾಶವಿದೆ ಎಂದು ತಾಳ್ಮೆಯಿಂದ ತಿಳಿಸಿದರು.

ಪ್ಲೇಟ್‌ಲೆಟ್ಟಿನಲ್ಲಿ ನಾವು ನಿಜವಾಗಿ ಸೋತೆವು. ಮೊದಲ ಎರಡು ತಿಂಗಳು ನಾಲ್ಕೈದು ದಾನಿಗಳ ಸಣ್ಣ ಚೀಲಗಳನ್ನು ಒಟ್ಟಿಗೆ ಹಾಕುತ್ತಿದ್ದರು. ಎಂಟು ಸಾವಿರ ಇದ್ದದ್ದು ಮೂವತ್ತರ ಹತ್ತಿರ ಹೋಗುತ್ತಿತ್ತು. ಮೂರನೆಯ ತಿಂಗಳಲ್ಲಿ ಎಷ್ಟು ಹಾಕಿದರೂ ಏರದಾಯಿತು. ಕಾಲಿನ ಮೇಲೆ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆಗಳು, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಆಗ ಈ ಕೇಂದ್ರದವರು ಮಾಡಿದ್ದು ಸರಳ ಕೆಲಸ: ಪ್ಲೇಟ್‌ಲೆಟ್ ಮುಗಿದ ಒಂದು ಗಂಟೆಯೊಳಗೆ ಮತ್ತೆ ಕೌಂಟ್ ಮಾಡಿಸಿದರು, ಎರಡು ಸಲ. ಜ್ವರ, ಸೋಂಕು, ದೊಡ್ಡದಾದ ಗುಲ್ಮ (ಸ್ಪ್ಲೀನ್) ಕಾರಣವಾಗಿದ್ದರೆ ಒಂದು ಗಂಟೆಗೆ ಕೌಂಟ್ ಏರಿ, ಮರುದಿನದ ಹೊತ್ತಿಗೆ ಇಳಿಯುತ್ತದೆ. ಒಂದು ಗಂಟೆಗೇ ಏರಿಲ್ಲವೆಂದರೆ ಪ್ರತಿಕಾಯಗಳು ಕಾದು ಕುಳಿತಿವೆ ಎಂಬ ಅನುಮಾನ ಬಲವಾಗುತ್ತದೆ. ಅಮ್ಮನದು ಎರಡೂ ಸಲ ಏಳು ಸಾವಿರ ಇದ್ದದ್ದು ಎಂಟಾಯಿತು, ಅಷ್ಟೆ. ಬೆಂಗಳೂರಿಗೆ ಕಳಿಸಿದ ಮಾದರಿಯಲ್ಲಿ ಎಚ್‌ಎಲ್‌ಎ ಪ್ರತಿಕಾಯಗಳು ಸಿಕ್ಕವು. ಅಪ್ಪನ ಅರ್ಧವನ್ನು ಹೊತ್ತಿರುವ ನಾವು ನಾಲ್ವರು ಮಕ್ಕಳ ಪ್ಲೇಟ್‌ಲೆಟ್ ಅವಳಿಗೆ ಎಲ್ಲರಿಗಿಂತ ಕಡಿಮೆ ಉಪಯೋಗಕ್ಕೆ ಬರುವಂಥದ್ದು ಎಂದು ಅಂದು ತಿಳಿಯಿತು. ಅಣ್ಣ ಎರಡನೆಯ ಸಲ ಸಪ್ಪೆಯಾದ.

ಆಮೇಲೆ ಅವಳ ರಕ್ತದೊಂದಿಗೆ ಕ್ರಾಸ್ ಮ್ಯಾಚ್ ಮಾಡಿ, ಅಂದರೆ ಎರಡನ್ನೂ ಬೆರೆಸಿ ಪರೀಕ್ಷಿಸಿ, ಹೊಂದುವ ದಾನಿಯನ್ನು ಹುಡುಕಬೇಕಾಯಿತು. ಇಲ್ಲಿಯೇ ನನ್ನ ದೊಡ್ಡ ದೂರು. ಹೊಂದುವ ದಾನಿ ಸಿಗಲು ಐದು ದಿನ ಹಿಡಿಯಿತು, ಆ ಐದು ದಿನ ನಾವು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದರೂ ಯಾವ ಹಂತದಲ್ಲಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಹೆದರಿಕೆಯಲ್ಲಿ ಅಮ್ಮನಿಗೆ ಹಲ್ಲುಜ್ಜಲು ಬಿಡದೆ ಬಾಯಿ ಮುಕ್ಕಳಿಸಿಕೊಡುತ್ತಿದ್ದೆ. ಕೊನೆಗೆ ಬೆಂಗಳೂರಿನಿಂದ ಒಬ್ಬನೇ ದಾನಿಯ, ವಿಕಿರಣ ಹಾಯಿಸಿದ ಪ್ಲೇಟ್‌ಲೆಟ್ ಬಂತು. ಒಂದು ಗಂಟೆಯ ಕೌಂಟ್ ಆರರಿಂದ ಮೂವತ್ನಾಲ್ಕು ಸಾವಿರಕ್ಕೆ ಹೋಯಿತು. ಒಬ್ಬ ದಾನಿಯ ಪ್ಲೇಟ್‌ಲೆಟ್ ಚೀಲಕ್ಕೆ ಹನ್ನೊಂದು ಸಾವಿರ ರೂಪಾಯಿ, ಪರೀಕ್ಷೆಗಳ ಖರ್ಚು ಬೇರೆ. ಕೆಂಪುಕಣದ ಚೀಲಕ್ಕೆ ಸರ್ಕಾರ ನಿಗದಿಪಡಿಸಿರುವ ಸಂಸ್ಕರಣಾ ಶುಲ್ಕ 1,550 ರೂಪಾಯಿಯ ಮೇಲೆ ಒಂದು ರೂಪಾಯಿಯನ್ನೂ ಇವರು ತೆಗೆದುಕೊಂಡಿಲ್ಲ, ರಸೀದಿ ಕೇಳದೆಯೇ ಕೊಡುತ್ತಾರೆ ಎಂಬುದನ್ನೂ ಹೇಳಬೇಕು.

ನಾಲ್ಕನೆಯ ತಿಂಗಳಲ್ಲಿ ಇನ್ನೊಂದು ನಡೆಯಿತು. ಎರಡು ಬಾಟಲಿ ಹಾಕಿಸಿ ಎಂಟರ ಮೇಲೆ ಬಂದಿದ್ದ ಹಿಮೋಗ್ಲೋಬಿನ್ ಒಂಬತ್ತೇ ದಿನದಲ್ಲಿ 6.4ಕ್ಕೆ ಇಳಿಯಿತು, ಕಣ್ಣು ಹಳದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಕಾಯಿಲೆ ಉಲ್ಬಣಿಸಿತು ಎಂದು ನಾವೆಲ್ಲ ಒಳಗೊಳಗೇ ತೀರ್ಮಾನಿಸಿದ್ದೆವು. ಕೇಂದ್ರದ ಟೆಕ್ನಿಷಿಯನ್, ಬಸಿರಿನ ಪ್ರಶ್ನೆ ಕೇಳಿದ ಅದೇ ವ್ಯಕ್ತಿ, ಹೊಸ ಮಾದರಿಯನ್ನು ನೋಡಿ ಅಮ್ಮನ ಹಳೆಯ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಂಡರು. ಮೊದಲ ದಿನದ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಇತ್ತು. ಈಗ ಆರ್‌ಎಚ್ ಕುಟುಂಬಕ್ಕೇ ಸೇರಿದ ದೊಡ್ಡ ಇ ಎಂಬ ಗುರುತಿನ ವಿರುದ್ಧ ಪ್ರತಿಕಾಯ ಎದ್ದಿತ್ತು. ಯಾವುದೋ ಬಸಿರಿನಲ್ಲಿ ಹುಟ್ಟಿ, ವರ್ಷಗಳು ಕಳೆದಂತೆ ಪರೀಕ್ಷೆಗೆ ಸಿಗದಷ್ಟು ಕ್ಷೀಣಿಸಿದ್ದ ಅದು, ಆ ಗುರುತಿದ್ದ ಚೀಲ ಒಳಗೆ ಹೋದ ಮೇಲೆ ಮತ್ತೆ ತಲೆಯೆತ್ತಿ ಹಾಕಿದ ಕಣಗಳನ್ನೆಲ್ಲ ಒಡೆದಿರಬೇಕು ಎಂಬುದು ವೈದ್ಯೆಯ ಊಹೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಕಾಯಿಲೆಯೂ ಉಲ್ಬಣಿಸಿರಲಿಲ್ಲ. ಅಂದಿನಿಂದ ಆ ಗುರುತಿಲ್ಲದ ಚೀಲಗಳನ್ನೇ ಆರಿಸಿ ಕೊಡುತ್ತಿದ್ದಾರೆ, ಹಿಮೋಗ್ಲೋಬಿನ್ ಎರಡು ವಾರ ನಿಲ್ಲುತ್ತಿದೆ.

ಅಲ್ಲಿಯವರೆಗೆ ನಾನೂ ಎಲ್ಲರಂತೆ ಕಿಟಕಿಯಲ್ಲಿ ಜಗಳವಾಡಿದ್ದೆ, ಮೊನ್ನೆ ತಾನೆ ಕೊಟ್ಟ ಸ್ಯಾಂಪಲ್ ಇರುವಾಗ ಮತ್ತೇಕೆ ಚುಚ್ಚುತ್ತೀರಿ ಎಂದು. ಮೂರು ದಿನಕ್ಕಿಂತ ಹಳೆಯ ಸ್ಯಾಂಪಲ್ಲನ್ನು ಅವರು ಕ್ರಾಸ್ ಮ್ಯಾಚ್‌ಗೆ ಬಳಸುವುದಿಲ್ಲ. ಆ ಮೂರು ದಿನದಲ್ಲಿಯೇ ಇಂಥದ್ದೊಂದು ಎದ್ದಿರಬಹುದು ಎಂಬ ಕಾರಣಕ್ಕೆ.

ಉಳಿದ ದೂರುಗಳು. ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿದೆ. ಜ್ವರ, ಅಲರ್ಜಿ, ಗುಂಪು ತಪ್ಪುವ ಅಪಾಯ ಎಲ್ಲವನ್ನೂ ಅದರಲ್ಲಿ ಬರೆದಿದ್ದಾರೆ, ಆದರೆ ಹೆಬ್ಬೆಟ್ಟು ಒತ್ತುವ ಅಮ್ಮನಂಥವರಿಗೆ ಅದು ಬಿಳಿ ಹಾಳೆಗೆ ಸಮ. ಕನ್ನಡದಲ್ಲಿ ಮಾಡಿಸಿ ಎಂದು ಎರಡು ಸಲ ಬರೆದುಕೊಟ್ಟಿದ್ದೇನೆ, ಆಗಲಿ ಎಂದಿದ್ದಾರೆ. ಪಡೆದ ರಕ್ತಕ್ಕೆ ಬದಲಾಗಿ ರಕ್ತ ಕೊಡುವ ದಾನಿಯನ್ನು ತನ್ನಿ ಎಂಬ ಒತ್ತಾಯ ಹಗಲಿನಲ್ಲಿ ಕಡಿಮೆ, ರಾತ್ರಿ ಪಾಳಿಯಲ್ಲಿ ಹೆಚ್ಚು. ಶಿರಾ, ಪಾವಗಡದ ಕಡೆಯಿಂದ ಬಂದು ಊರಲ್ಲಿ ಯಾರನ್ನೂ ಅರಿಯದವರು ರಾತ್ರಿ ಹತ್ತಕ್ಕೆ ದಾನಿಯನ್ನು ಎಲ್ಲಿಂದ ತರುತ್ತಾರೆ? ಹಣಕ್ಕೆ ರಕ್ತ ಕೊಡುವುದನ್ನು ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇರೆಗೆ 1998ರ ಜನವರಿಯಿಂದ ನಿಷೇಧಿಸಿದ್ದಾರೆ. ಇಂಥ ಒತ್ತಾಯವೇ ಅದಕ್ಕೆ ಹಿತ್ತಲ ಬಾಗಿಲು ತೆರೆಯುತ್ತದೆ. ಜೊತೆಗೆ ಬಂದವರಿಗೆ ಕೂರಲು ಇರುವುದು ಎರಡು ಬೆಂಚು. ಶೌಚಾಲಯದ ವಿಷಯ ಬೇಡ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಐದು ದಿನಗಳದ್ದು.

ಈಗ ಅಮ್ಮನ ಪರ್ಸಿನಲ್ಲಿ, ಮಂಜುನಾಥ ಸ್ವಾಮಿಯ ಪಟದ ಹಿಂದೆ, ಕೇಂದ್ರದವರು ಲ್ಯಾಮಿನೇಟ್ ಮಾಡಿಸಿ ಕೊಟ್ಟ ಒಂದು ಕಾರ್ಡು ಇರುತ್ತದೆ: ರಕ್ತದ ಗುಂಪು, ದೊಡ್ಡ ಇ ಇಲ್ಲದ ಕೆಂಪುಕಣ ಮಾತ್ರ, ಬಿಳಿಕಣ ಸೋಸಿದ್ದೇ ಆಗಬೇಕು, ಪ್ಲೇಟ್‌ಲೆಟ್ ಕ್ರಾಸ್ ಮ್ಯಾಚ್ ಆಗಿ ಬರಬೇಕು, ರಕ್ತಸಂಬಂಧಿಗಳ ರಕ್ತ ವಿಕಿರಣವಿಲ್ಲದೆ ಬೇಡ. ಕೊನೆಯ ಸಾಲಿನಲ್ಲಿ ಆ ನರ್ಸಿಂಗ್ ಹೋಮಿನಲ್ಲಿ ನಡುಗಿದ ದಿನಾಂಕ, ಅದರ ಕೆಳಗೆ ಬಸಿರು ಆರು ಎಂದಿದೆ. ಕಳೆದ ವಾರ ಬೆಂಗಳೂರಿನಲ್ಲಿ ತುರ್ತಾಗಿ ರಕ್ತ ಬೇಕಾದಾಗ ಡ್ಯೂಟಿ ವೈದ್ಯರು ನನ್ನನ್ನು ಏನೂ ಕೇಳಲಿಲ್ಲ, ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದುಕೊಂಡು ರಕ್ತ ಕೇಂದ್ರಕ್ಕೆ ಕಳಿಸಿದರು. ಮುಂದಿನ ಸ್ಯಾಂಪಲ್ ಸೋಮವಾರ, ಬೆಳಿಗ್ಗೆ ಹತ್ತರೊಳಗೆ.